ಸೆಟ್ಟಿನ ಇನ್ನರ್ಧ

ಹರಾಜು ಕೂಗುವವರು ನನ್ನ ಕ್ಲಿನಿಕ್ಕಿಗೆ ಮೊದಲ ಸಲ ಬಂದಾಗ ಶ್ರೀನಿವಾಸಪುರದ ಸುತ್ತಲಿನ ತೋಪುಗಳೆಲ್ಲ ಹೂ ಬಿಟ್ಟಿದ್ದವು. ಮಾವಿನ ಮಂಡಿಯಲ್ಲಿ ಅವರ ದನಿ ಕೇಳದವರು ಆ ಊರಿನಲ್ಲಿ ಕಡಿಮೆ. ರಸ್ತೆಯಲ್ಲಿ ಹೋಗುವಾಗ ನಾನೂ ಕೇಳಿದ್ದೆ, ಮುಖ ನೋಡಿರಲಿಲ್ಲ. ಹಾಗಾಗಿ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಹೆಂಡತಿಯ ಹಿಂದೆ ಒಳಗೆ ಬಂದವರು ಅವರೇ ಎಂದು ನನಗೆ ತಿಳಿಯಲಿಲ್ಲ.

"ಹಣ್ಣು ಇಳಿಯೋಷ್ಟರಲ್ಲಿ ನಮ್ಮ ಯಜಮಾನ್ರಿಗೆ ಹಲ್ಲು ಕಟ್ಟಿಕೊಡ್ಬೇಕು ಡಾಕ್ಟ್ರಮ್ಮ," ಎಂದರು ಹೆಂಡತಿ. "ಹೋದ ಸಲ ಸೀಸನ್ ಮುಗಿದ್ಮೇಲೆ ಗಾಡಿಯಿಂದ ಬಿದ್ರು. ಅವಾಗ್ಲಿಂದ ಹಿಂಗೇ ಟವೆಲ್ ಹಿಡ್ಕೊಂಡು ಓಡಾಡ್ತಾವ್ರೆ."

ಅವರು ಟವೆಲ್ ಇಳಿಸಿದರು. "ತೊಂಬತ್ತು ಅಂದ್ರೆ ಎಂಬತ್ತು ಅಂತ ಕೇಳ್ಸುತ್ತೆ ಮೇಡಂ. ಈ ಬಾಯಲ್ಲಿ ಕೂಗಿದ್ರೆ ಮಂಡೀಲಿ ಹೊಡೆದಾಟ ಆಗೋಗುತ್ತೆ."

ಅವರು ಹೇಳಿದ್ದು ನಿಜ. ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲಿಗೆ ತಾಗದೆ ತಕಾರ ಹುಟ್ಟುವುದಿಲ್ಲ. ಅವರ ಬಾಯಿಯಲ್ಲಿ ತಾಗುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಮೇಲಿನ ಸಾಲಿನಲ್ಲಿ ಬಲಗಡೆಯ ಎರಡು ಹಲ್ಲು ಹಿಂದೆಯೇ ಹೋಗಿದ್ದವು. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿಯಾಗಿದ್ದಾಗ ಅಲ್ಲೇ ಯಾರೋ ಎರಡು ಹಲ್ಲಿನ ಪುಟ್ಟ ಸೆಟ್ಟು ಮಾಡಿಕೊಟ್ಟಿದ್ದರಂತೆ. ಅಂಗುಳಿಗೆ ಅಂಟಿ ಕೂರುವ ಗುಲಾಬಿ ಬಣ್ಣದ ತಟ್ಟೆ, ಅದಕ್ಕೆ ಎರಡು ಹಲ್ಲು, ಹಿಡಿದುಕೊಳ್ಳಲು ತಂತಿ ಇಲ್ಲ. ಬಿದ್ದ ದಿನ ಅದೂ ಹೋಯಿತು. ಅದೇ ಪೆಟ್ಟಿಗೆ ಪಕ್ಕದ ಹಲ್ಲು ಒಸಡಿನ ಮಟ್ಟಕ್ಕೆ ಮುರಿದಿತ್ತು. ಬಲಗಡೆಯ ಕೋರೆಹಲ್ಲು ಬೆರಳಿಟ್ಟರೆ ಅಲುಗುತ್ತಿತ್ತು.

ನಾನು ಎಲ್ಲರಿಗೂ ಹೇಳುವಂತೆ ಅವರಿಗೂ ದಾರಿಗಳನ್ನು ಹೇಳಿದೆ. ಮತ್ತೆ ತೆಗೆದು ಹಾಕುವ ಸೆಟ್ಟು ಮಾಡಿಸಬಹುದು, ಬೇಗ ಆಗುತ್ತದೆ. ಅಕ್ಕಪಕ್ಕದ ಹಲ್ಲುಗಳನ್ನು ಸವೆಸಿ, ಅವುಗಳ ಮೇಲೆ ಕೂರುವ ಬ್ರಿಡ್ಜ್ ಕಟ್ಟಬಹುದು, ಅದಕ್ಕೆ ಎರಡೂ ಕಡೆ ಗಟ್ಟಿ ಕಂಬ ಬೇಕು. ಇಲ್ಲವಾದರೆ ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ನಿಲ್ಲಿಸುವ ಇಂಪ್ಲಾಂಟ್, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಅವರು ಬ್ರಿಡ್ಜ್ ಸಾಕು ಎಂದರು. ಕೋರೆಹಲ್ಲನ್ನು ಪಕ್ಕದ ಹಲ್ಲುಗಳಿಗೆ ಕಟ್ಟಿ ಗಟ್ಟಿ ಮಾಡಿಕೊಂಡರೆ ಅದನ್ನೇ ಒಂದು ಕಂಬ ಮಾಡಿಕೊಳ್ಳಬಹುದು ಎಂಬುದು ನನ್ನ ಯೋಚನೆ. ಕೋರೆಯ ಬೇರು ಉದ್ದ, ಅದು ಉಳಿದರೆ ಅರ್ಧ ಕೆಲಸ ಮುಗಿದಂತೆ.

ಕುರ್ಚಿ ಹಿಂದಕ್ಕೆ ಬಾಗಿಸುತ್ತಿದ್ದಂತೆ ಅವರಿಗೆ ಕೆಮ್ಮು ಶುರುವಾಯಿತು. ಸಾಧಾರಣ ಕೆಮ್ಮಲ್ಲ. ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬಂದು, ಕೈಯಾಡಿಸಿ ಮೇಲೆ ಎಬ್ಬಿಸಿ ಎಂದು ಸನ್ನೆ ಮಾಡಿದರು.

"ಮಲಗಿಸ್ಬೇಡಿ ಡಾಕ್ಟ್ರಮ್ಮ. ಮನೇಲೂ ಗೋಡೆಗೆ ಒರಗ್ಕೊಂಡೇ ಮಲಗ್ತಾರೆ," ಎಂದರು ಹೆಂಡತಿ. "ಟೀಬಿ ಅಂತ ಕಫ ಟೆಸ್ಟ್ ಮಾಡಿಸ್ದೊ, ಇಲ್ಲ ಅಂದ್ರು. ಧೂಳಿನ ಅಲರ್ಜಿ ಅಂತ ಎಳೆಯೋ ಔಷಧಿ ಕೊಟ್ಟವ್ರೆ. ಎರಡು ಸಲ ನ್ಯುಮೋನಿಯಾ ಆಗಿ ಅಡ್ಮಿಟ್ ಆಗಿದ್ರು."

ಮಂಡಿಯ ಧೂಳು, ಅದಕ್ಕೂ ಮೊದಲು ಇಟ್ಟಿಗೆ ಗೂಡಿನ ಹೊಗೆ. ಕೆಮ್ಮು ಇರುವುದರಲ್ಲಿ ನನಗೆ ವಿಶೇಷ ಕಾಣಿಸಲಿಲ್ಲ. ಅವರನ್ನು ನೆಟ್ಟಗೆ ಕೂರಿಸಿಕೊಂಡೇ ಅಳತೆ ತೆಗೆದೆ. ಅಚ್ಚು ತೆಗೆಯುವ ಪುಡಿಯನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ, ಅಳತೆಯ ತಟ್ಟೆಗೆ ಕಡಿಮೆ ತುಂಬಿ, ಗಂಟಲಿಗೆ ಇಳಿಯದಂತೆ ಹಿಂದಿನಿಂದ ಮುಂದಕ್ಕೆ ಒತ್ತಿದೆ. ಸಂಜೆ ಆ ಅಚ್ಚಿಗೆ ಗಾರೆಪುಡಿ ಕಲಸಿ ಸುರಿದೆ. ಮರುದಿನ ಅವರ ಮೇಲ್ದವಡೆಯ ಬಿಳಿಯ ಮಾದರಿ ನನ್ನ ಮೇಜಿನ ಮೇಲಿತ್ತು.

ಮುಂದಿನ ಭೇಟಿಯಲ್ಲಿ ಹಲ್ಲಿನ ಬಣ್ಣ ಆರಿಸಬೇಕಿತ್ತು. ನಾನು ಬಣ್ಣದ ಪಟ್ಟಿ ತೆಗೆಯುವಾಗ ಹೆಂಡತಿ ಪರ್ಸಿನಿಂದ ಒಂದು ಕರ್ಚೀಫು ತೆಗೆದು ಬಿಚ್ಚಿದರು.

"ಇದೂ ನೋಡ್ಕೊಳ್ಳಿ. ಹಳೇ ಸೆಟ್ಟು. ಇದೇ ಬಣ್ಣ ಇದ್ರೆ ಮುಖಕ್ಕೆ ಒಪ್ಪುತ್ತೆ."

ಅದು ಸೆಟ್ಟಲ್ಲ, ಸೆಟ್ಟಿನ ಒಂದು ತುಂಡು. ಗುಲಾಬಿ ತಟ್ಟೆಯ ಸಣ್ಣ ಚೂರು, ಅದಕ್ಕೆ ಅಂಟಿದ ಒಂದೇ ಹಲ್ಲು. ಬಣ್ಣ ನೋಡುವುದಕ್ಕೆ ಅಷ್ಟು ಸಾಕಿತ್ತು. ಆದರೂ ಅಭ್ಯಾಸಬಲದಿಂದ ಅದನ್ನು ಒರೆಸಿ ಮಾದರಿಯ ಮೇಲೆ ಇಟ್ಟೆ. ಅಂಗುಳಿನ ಗೆರೆಗಳಿಗೆ ಸರಿಯಾಗಿ ಕೂತಿತು. ಮುಂದಿನ ದೊಡ್ಡ ಹಲ್ಲಿನ ಜಾಗ ತುಂಬಿತು. ಅದರ ಪಕ್ಕದ ಸಣ್ಣ ಹಲ್ಲಿನ ಜಾಗ ಮಾತ್ರ ಖಾಲಿ. ತುಂಡಿನ ಅಂಚನ್ನು ಬೆಳಕಿಗೆ ಹಿಡಿದೆ. ಸವೆದು ನುಣುಪಾದ ಅಂಚಲ್ಲ, ಒಂದೇ ಏಟಿಗೆ ಪಟ್ಟನೆ ಮುರಿದದ್ದು.

"ಇನ್ನರ್ಧ ಎಲ್ಲಮ್ಮ?"

"ಸಿಗ್ಲಿಲ್ಲ. ಮುಳಬಾಗಿಲು ರೋಡಲ್ಲಿ ನಾಯಿ ಅಡ್ಡ ಬಂದು ಬಿದ್ದಿದ್ದು. ಪ್ರಜ್ಞೆ ಇರ್ಲಿಲ್ಲ. ಬಾಯಿ ತುಂಬ ರಕ್ತ, ಯಾರೋ ಆಟೋಗೆ ಹಾಕ್ಕೊಂಡು ಆಸ್ಪತ್ರೆಗೆ ಸೇರಿಸಿದ್ರಂತೆ. ಮಾರನೇ ದಿನ ನಾನೂ ನಮ್ಮ ಭಾವನೂ ಆ ಜಾಗಕ್ಕೆ ಹೋಗಿ ಹುಡುಕಿದೊ. ಇದೊಂದು ಚೂರು ಮಣ್ಣಲ್ಲಿ ಇತ್ತು. ಪಕ್ಕದ ಚರಂಡೀಗೂ ಕೈ ಹಾಕಿ ನೋಡ್ದೆ."

ಆಗ ಗಂಡ ಮತ್ತೆ ಕೆಮ್ಮಿದರು. ಕೆಮ್ಮಿನ ಕೊನೆಯಲ್ಲಿ, ಉಸಿರು ಒಳಗೆಳೆದುಕೊಳ್ಳುವಾಗ, ಒಂದು ಸಣ್ಣ ಶಿಳ್ಳೆ ಕೇಳಿಸಿತು. ಮೊದಲ ದಿನವೂ ಅದು ಇದ್ದಿರಬೇಕು. ಈಗ ಮಾದರಿಯ ಮೇಲಿನ ಖಾಲಿ ಜಾಗವನ್ನು ನೋಡುತ್ತ ಕೇಳಿಸಿಕೊಂಡೆ. ಆ ಇನ್ನರ್ಧ ರಸ್ತೆಗೆ ಬಿದ್ದೇ ಇರದಿದ್ದರೆ?

ಬೀಪಿ ನೋಡಲು ಇಟ್ಟುಕೊಂಡಿದ್ದ ಸ್ಟೆತಾಸ್ಕೋಪ್ ತೆಗೆದುಕೊಂಡೆ. ಹಲ್ಲಿನ ಡಾಕ್ಟರು ಎದೆ ಪರೀಕ್ಷೆ ಮಾಡುವುದನ್ನು ನೋಡಿ ಅವರು ನಕ್ಕರು. ಎಡಗಡೆ ಗಾಳಿ ಸಲೀಸಾಗಿ ಓಡಾಡುತ್ತಿತ್ತು. ಬಲಗಡೆ, ಬೆನ್ನಿನ ಕೆಳಭಾಗದಲ್ಲಿ, ಹೆಚ್ಚು ಕಡಿಮೆ ಏನೂ ಇಲ್ಲ, ಆ ಶಿಳ್ಳೆ ಒಂದನ್ನು ಬಿಟ್ಟರೆ.

"ನ್ಯುಮೋನಿಯಾ ಆಗಿದ್ದು ಯಾವ ಕಡೆ?"

"ಬಲಗಡೆ. ಎರಡು ಸಲಾನೂ."

"ಎದೆ ಎಕ್ಸ್‌ರೇ ತೆಗೆದಿದ್ರಾ?"

"ಮೂರ್ನಾಕು ಸಲ ತೆಗೆದವ್ರೆ. ಅದ್ರಲ್ಲಿ ಏನೂ ಇಲ್ಲ ಅಂದ್ರು."

ಆ ಮಾತಿಗೆ ನಾನು ಒಂದು ಕ್ಷಣ ನಿರಾಳಳಾದೆ. ಎಕ್ಸ್‌ರೇಯಲ್ಲಿ ಇಲ್ಲ ಎಂದರೆ ಇಲ್ಲ. ಆದರೆ ಕೈಯಲ್ಲಿದ್ದ ಗುಲಾಬಿ ಚೂರನ್ನು ನೋಡಿದೆ. ಅದರಲ್ಲಿ ತಂತಿ ಇರಲಿಲ್ಲ. ಹಲ್ಲೂ ಪ್ಲಾಸ್ಟಿಕ್ಕಿನ ಜಾತಿಯದೇ. ಅದನ್ನು ನನ್ನ ಹಲ್ಲಿನ ಎಕ್ಸ್‌ರೇ ಯಂತ್ರದ ಸೆನ್ಸರಿನ ಮೇಲೆ ಇಟ್ಟು, ಒಂದು ಚಿತ್ರ ತೆಗೆದೆ. ಪರದೆಯ ಮೇಲೆ ಮಂಜಿನಂಥ ಒಂದು ಮಬ್ಬು, ಇದೆ ಎಂದು ಗೊತ್ತಿದ್ದರಷ್ಟೇ ಕಾಣುವಂಥದ್ದು. ಬರೀ ಗಾಳಿಯ ನಡುವೆ ಇಟ್ಟು ತೆಗೆದದ್ದೇ ಹೀಗಿದ್ದರೆ, ಪಕ್ಕೆಲುಬು, ಹೃದಯ, ಮಾಂಸದ ನೆರಳುಗಳ ನಡುವೆ ಇದು ಯಾರ ಕಣ್ಣಿಗೆ ಬೀಳಬೇಕು? ಇಷ್ಟು ಜನರಿಗೆ ಇಂಥ ಸೆಟ್ಟುಗಳನ್ನು ಕಟ್ಟಿಕೊಟ್ಟಿದ್ದೇನೆ. ಇದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ. ಕಾಣದಿರುವುದು ಎಂದರೆ ಏನು ಎಂದು ಅವತ್ತು ಪರದೆಯ ಮುಂದೆ ನಿಂತಾಗ ಗೊತ್ತಾಯಿತು.

ಕೋಲಾರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಶ್ವಾಸಕೋಶದ ವೈದ್ಯರೊಬ್ಬರ ಪರಿಚಯ ಇತ್ತು. ಪಕ್ಕದ ಕೋಣೆಗೆ ಹೋಗಿ ಫೋನ್ ಮಾಡಿದೆ. ಬಿದ್ದದ್ದು, ಪ್ರಜ್ಞೆ ತಪ್ಪಿದ್ದು, ಬಲಗಡೆಯ ನ್ಯುಮೋನಿಯಾ, ಅರ್ಧ ಸಿಕ್ಕ ಸೆಟ್ಟು ಎಲ್ಲ ಹೇಳಿದೆ.

"ಬಿದ್ದಿದ್ದು ಯಾವಾಗ ಅಂದ್ರಿ?"

"ಹೋದ ವರ್ಷ ಮಾವಿನ ಸೀಸನ್ ಮುಗಿದ ಮೇಲೆ."

"ಅಷ್ಟು ದಿನದಿಂದ ಒಳಗಿದೆಯಾ," ಎಂದರು, ನನಗಲ್ಲ, ತಮಗೇ ಎಂಬಂತೆ. "ನಾಳೇನೇ ಕಳಿಸಿ. ಸೀಟಿ ಸ್ಕ್ಯಾನ್ ಮಾಡೋಣ. ಅದರಲ್ಲಿ ತಪ್ಪಿಸ್ಕೊಳ್ಳೋಕಾಗಲ್ಲ."

ಗಂಡ ಹೆಂಡತಿಗೆ ಹೇಳುವುದು ಫೋನಿನಲ್ಲಿ ಹೇಳಿದಷ್ಟು ಸುಲಭವಾಗಲಿಲ್ಲ. "ಸೆಟ್ಟಿನ ಇನ್ನೊಂದು ತುಂಡು ಉಸಿರಿನ ಕೊಳವೆಯಲ್ಲಿ ಇರಬಹುದು," ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿದೆ.

"ಹೊಟ್ಟೆಗೆ ಹೋಗಿದ್ರೆ ಆವತ್ತೇ ಆಚೆಗೆ ಹೋಗಿರುತ್ತೆ ಬಿಡಿ ಮೇಡಂ," ಎಂದು ಗಂಡ ನಗಲು ನೋಡಿದರು.

"ಹೊಟ್ಟೆಗಲ್ಲ ಯಜಮಾನ್ರೇ. ಎದೆಗೆ."

ಹೆಂಡತಿ ಗಂಡನ ಎದೆಯನ್ನೇ ನೋಡಿದರು. ಅಂಗಿಯ ಗುಂಡಿಗಳ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿನಿಂದಲೇ ಕೇಳಿದರು: "ಒಂದು ಹಲ್ಲು ಎದೆ ಒಳಗಿದ್ರೆ ಮನುಷ್ಯ ಇಷ್ಟು ದಿನ ಊಟ ಮಾಡ್ಕೊಂಡು, ಓಡಾಡ್ಕೊಂಡು ಇರೋಕಾಗುತ್ತಾ?"

ನನಗೂ ಅದೇ ಪ್ರಶ್ನೆ.

ಸ್ಕ್ಯಾನಿನಲ್ಲಿ ಅದು ಇತ್ತು. ವೈದ್ಯರು ಚಿತ್ರವನ್ನು ಫೋನಿಗೆ ಕಳಿಸಿ, ತಾವೇ ಕರೆ ಮಾಡಿದರು. ಬಲ ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಹೋಗುವ ದಾರಿಗೆ ಅಡ್ಡಲಾಗಿ, ಓರೆಯಾಗಿ ಕೂತಿದೆ. ಪಕ್ಕದಲ್ಲಿ ಸ್ವಲ್ಪ ಸಂದು ಉಳಿದಿರುವುದರಿಂದ ಗಾಳಿ ಶಿಳ್ಳೆ ಹಾಕಿಕೊಂಡು ನುಸುಳುತ್ತಿದೆ. ಕೆಳಗೆ ಕೀವು ಕಟ್ಟಿದೆ. ನಾನು ಊಹಿಸಿದ್ದೇ ಆಗಿತ್ತು. ಆದರೂ ಆ ಚಿತ್ರ ನೋಡಿದಾಗ ಕ್ಲಿನಿಕ್ಕಿನ ಕುರ್ಚಿಯ ಮೇಲೆ, ರೋಗಿಗಳು ಕೂರುವ ಕುರ್ಚಿಯ ಮೇಲೆ, ನಾನೇ ಕೂತುಬಿಟ್ಟೆ.

ಮೊದಲ ಪ್ರಯತ್ನ ಬಳುಕುವ ಕ್ಯಾಮೆರಾ ಕೊಳವೆಯಲ್ಲಿ ನಡೆಯಿತು. ನಾನು ಹೋಗಿರಲಿಲ್ಲ. ಮಧ್ಯಾಹ್ನ ವೈದ್ಯರ ಕರೆ ಬಂತು, ಆಗಿಲ್ಲ ಎಂದು ದನಿಯಲ್ಲೇ ಗೊತ್ತಾಯಿತು. ತುಂಡಿನ ಸುತ್ತ ಮಾಂಸ ಬೆಳೆದು ಮುಚ್ಚಿಕೊಂಡಿದೆ. ಮುಟ್ಟಿದರೆ ರಕ್ತ. ಚಿಮಟದಲ್ಲಿ ಹಿಡಿದರೆ ಜಾರುತ್ತದೆ. ಆಮ್ಲಜನಕ ಇಳಿಯತೊಡಗಿದ್ದರಿಂದ ಬಿಟ್ಟು ಹೊರಬಂದಿದ್ದಾರೆ. ಊತ ಇಳಿಸಲು ಔಷಧಿ ಕೊಟ್ಟು, ಅವರಿಗಿದ್ದ ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತಂದು, ಕೆಲವು ದಿನ ಬಿಟ್ಟು ಗಟ್ಟಿ ಲೋಹದ ಕೊಳವೆಯಲ್ಲಿ ಮತ್ತೆ ನೋಡಬೇಕು. ಅದೂ ಆಗದಿದ್ದರೆ ಎದೆ ತೆರೆಯಬೇಕು.

"ನಾನು ನೋಡಿದ್ದು ಒಂದು ಮೂಲೆ ಅಷ್ಟೆ," ಎಂದರು ಅವರು. "ಉಳಿದದ್ದು ಮಾಂಸದ ಒಳಗೆ. ಎಲ್ಲಿ ಹಿಡಿಬೇಕು ಅಂತಾನೇ ತಿಳೀತಿಲ್ಲ. ಅದರ ಆಕಾರ ನಿಮಗೆ ಗೊತ್ತಲ್ಲ?"

ಗೊತ್ತಿರಲಿಲ್ಲ. ಆದರೆ ಗೊತ್ತುಮಾಡಿಕೊಳ್ಳುವ ದಾರಿ ಮೇಜಿನ ಮೇಲೇ ಇತ್ತು. ಅವತ್ತು ಉಳಿದ ರೋಗಿಗಳನ್ನು ಮುಂದಕ್ಕೆ ಹಾಕಿದೆ. ಮಾದರಿಯ ಮೇಲೆ ಸಿಕ್ಕಿದ್ದ ಅರ್ಧವನ್ನು ಕೂರಿಸಿ, ಅದರ ಮುರಿದ ಅಂಚಿಗೆ ಎಣ್ಣೆ ಸವರಿ, ಖಾಲಿ ಜಾಗಕ್ಕೆ ಮೇಣ ತುಂಬಿದೆ. ತಟ್ಟೆ ಎಷ್ಟು ದಪ್ಪ, ಎಲ್ಲಿಗೆ ಮುಗಿಯುತ್ತಿತ್ತು ಎಂಬುದಕ್ಕೆ ಸಿಕ್ಕ ತುಂಡೇ ಅಳತೆ. ಸಣ್ಣ ಹಲ್ಲೊಂದನ್ನು ಆರಿಸಿ ಮೇಣಕ್ಕೆ ಕೂರಿಸಿದೆ. ಅದನ್ನೇ ಗುಲಾಬಿ ಅಕ್ರಿಲಿಕ್ಕಿನಲ್ಲಿ ಬೇಯಿಸಿ ತೆಗೆದು, ಸ್ಕ್ಯಾನಿನ ಅಳತೆಗಳ ಜೊತೆ ಹೋಲಿಸಿದೆ. ಉದ್ದ ಸರಿಹೋಯಿತು. ಅಗಲದಲ್ಲಿ ಕೂದಲೆಳೆಯಷ್ಟು ಹೆಚ್ಚಿತ್ತು, ಉಜ್ಜಿ ಸರಿಮಾಡಿದೆ.

ಕೈಯಲ್ಲಿ ಹಿಡಿದು ನೋಡಿದರೆ ಗೋಡಂಬಿಯಷ್ಟು ದೊಡ್ಡದು, ಒಂದು ಕಡೆ ಚೂಪು. ಇಷ್ಟು ದೊಡ್ಡದು ಗಂಟಲು ದಾಟಿ ಹೋಗಿದೆ ಎಂದು ನನ್ನ ಕೈಯೇ ನಂಬಲಿಲ್ಲ.

ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ಕೋಲಾರದ ಬಸ್ಸು ಹತ್ತಿದೆ. ವೈದ್ಯರ ಕೋಣೆಯಲ್ಲಿ ಇಬ್ಬರೂ ಚಿಮಟಗಳನ್ನು ಸಾಲಾಗಿಟ್ಟುಕೊಂಡು ಅದನ್ನು ಹಿಡಿಯುವ ಅಭ್ಯಾಸ ಮಾಡಿದೆವು. ತಟ್ಟೆಯನ್ನು ಹಿಡಿದರೆ ಜಾರುತ್ತಿತ್ತು. ಹಲ್ಲನ್ನು ಹಿಡಿದರೆ ಹಲ್ಲೇ ಕಿತ್ತು ಬರುವ ಭಯ. ಹಲ್ಲು ತಟ್ಟೆಗೆ ಸೇರುವಲ್ಲಿ ಸೊಂಟದಂತೆ ಒಂದು ಇಕ್ಕಟ್ಟು ಇದೆ. ಮೊಸಳೆ ಬಾಯಿಯ ಚಿಮಟ ಅಲ್ಲಿ ಕಚ್ಚಿಕೊಂಡರೆ ಬಿಡಲಿಲ್ಲ. "ಇಲ್ಲಿ ಹಿಡಿದು, ಹೀಗೆ ಕಾಲು ಸುತ್ತು ತಿರುಗಿಸಿದ್ರೆ ಚೂಪು ಅಂಚು ಕೊಳವೆಯ ಒಳಗೆ ಬರುತ್ತೆ, ಗೋಡೆ ಕೊಯ್ಯಲ್ಲ," ಎಂದೆ. ಅವರು ಹಾಗೆಯೇ ಮಾಡಿದರು. ಕೊಳವೆಯೊಳಕ್ಕೆ ಬಿಟ್ಟು, ಹಿಡಿದು, ತಿರುಗಿಸಿ, ಎಳೆದರು. ಮತ್ತೆ ಮತ್ತೆ, ಕೈಗೆ ರೂಢಿಯಾಗುವವರೆಗೂ ಮಾಡಿದರು.

ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಆಗ ಅರಿವಳಿಕೆ ವೈದ್ಯೆ ಒಳಗೆ ಬಂದರು. ರೋಗಿಯ ಬಾಯಿ ನೋಡಿಕೊಂಡು ಬಂದಿದ್ದರು.

"ಆ ಕೋರೆಹಲ್ಲು ಯಾಕೆ ಹಾಗೇ ಇದೆ? ಗಟ್ಟಿ ಕೊಳವೆ ಮೇಲ್ದವಡೆಯ ಮೇಲೇ ಒರಗೋದು. ಅದು ಕಳಚಿ ಇನ್ನೊಂದು ಶ್ವಾಸಕೋಶಕ್ಕೆ ಹೋದ್ರೆ?"

ಅದಕ್ಕೆ ತಂತಿ ಕಟ್ಟಿ ಉಳಿಸಬಹುದೇ ಎಂದು ಕೇಳಿದೆ. ಕಟ್ಟುವುದು ಎಷ್ಟು ಗಟ್ಟಿ ಎಂದು ಅವರು ಕೇಳಿದರು. ಗಟ್ಟಿ ಎಂದು ನಾನು ಮಾತು ಕೊಡುವಂತಿರಲಿಲ್ಲ. ಲೋಹದ ಕೊಳವೆಯ ಭಾರ, ಅರ್ಧ ಗಂಟೆಯೋ ಒಂದು ಗಂಟೆಯೋ ಯಾರಿಗೆ ಗೊತ್ತು. ನನ್ನ ಇಡೀ ಬ್ರಿಡ್ಜ್ ನಿಂತಿದ್ದು ಆ ಒಂದು ಹಲ್ಲಿನ ಮೇಲೆ. ಅದು ಹೋದರೆ ನಾಲ್ಕು ಹಲ್ಲಿನ ಖಾಲಿ ಜಾಗ, ಒಂದು ತುದಿಗೆ ಕಂಬವೇ ಇಲ್ಲ. ಜೊತೆಗೆ ಮಾವಿನ ಕಾಯಿ ಆಗಲೇ ನಿಂಬೆಯ ಗಾತ್ರಕ್ಕೆ ಬಂದಿತ್ತು.

ವಾರ್ಡಿಗೆ ಹೋಗಿ ಹೇಳಿದೆ. ಅವರು ಹಾಸಿಗೆಯ ತಲೆಭಾಗ ಎತ್ತರಿಸಿಕೊಂಡು ಕೂತಿದ್ದರು. ಮೊದಲ ಸಲದ ನಂತರ ದನಿ ಇನ್ನೂ ಒಡೆದಿತ್ತು.

"ಹಲ್ಲು ಕಟ್ಟಿಕೊಡಿ ಅಂತ ಬಂದೆ ನಿಮ್ಮ ಹತ್ರ. ಈಗ ಇರೋ ಹಲ್ಲೂ ಕೀಳ್ತೀನಿ ಅಂತೀರಲ್ಲ ಮೇಡಂ."

"ಹೌದು ಯಜಮಾನ್ರೇ. ಬೇರೆ ದಾರಿ ಇದ್ದಿದ್ರೆ ಕೇಳ್ತಿರಲಿಲ್ಲ."

"ಆಮೇಲೆ ಬ್ರಿಡ್ಜ್ ಆಗುತ್ತಾ?"

"ಆಗಲ್ಲ. ಸ್ಕ್ರೂ ಹಾಕ್ಬೇಕು. ಈ ಸೀಸನ್‌ಗೆ ಆಗಲ್ಲ."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಹೆಂಡತಿ ಎದ್ದು ಬಂದು ಗಂಡನ ಮುಂದೆ ನಿಂತು, ಮನೆಯ ತೆಲುಗಿನಲ್ಲೇ ಕರೆದರು.

"ಏಮಂಡಿ, ನಿಮ್ಗೇನು ಮಂಡಿ ಮುಖ್ಯಾನಾ? ಉಸಿರು ಇದ್ರೆ ತಾನೇ ಕೂಗೋದು? ಕೀಳಿ ಡಾಕ್ಟ್ರಮ್ಮ. ಎಲ್ಲಾನೂ ಕೀಳ್ಬೇಕು ಅಂದ್ರೂ ಕೀಳಿ."

ಅವರು ಬಾಯಿ ತೆರೆದರು. ಅದೇ ಒಪ್ಪಿಗೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅವರನ್ನು ಕೂರಿಸಿಕೊಂಡು, ಗಂಟಲಿಗೆ ಅಡ್ಡಲಾಗಿ ಬಟ್ಟೆ ಹರಡಿ ಕೋರೆಹಲ್ಲು ತೆಗೆದೆ. ಎರಡು ಸಲ ಅಲುಗಿಸಿದ್ದಕ್ಕೇ ಬಂತು. ಬೇರಿನಲ್ಲಿ ಉದ್ದಕ್ಕೂ ಒಂದು ಸೀಳು ಇತ್ತು. ಒಸಡಿನಡಿ ಉಳಿದಿದ್ದ ಮುರಿದ ಹಲ್ಲಿನ ಬೇರನ್ನೂ ತೆಗೆದು ಹೊಲಿಗೆ ಹಾಕಿದೆ. ಕೋರೆಯನ್ನು ಬಟ್ಟಲಿಗೆ ಹಾಕಿ ಅದು ಅಲ್ಲೇ ಇದೆಯೇ ಎಂದು ಮತ್ತೆ ಬಗ್ಗಿ ನೋಡಿದೆ. ಇಷ್ಟು ವರ್ಷದಲ್ಲಿ ಕಿತ್ತ ಹಲ್ಲನ್ನು ನಾನು ಹಾಗೆ ನೋಡಿದವಳಲ್ಲ.

ಎರಡನೆಯ ಪ್ರಯತ್ನದ ದಿನ ಶಸ್ತ್ರಚಿಕಿತ್ಸೆಯ ಕೋಣೆಯ ಮೂಲೆಯಲ್ಲಿ ನಿಂತಿದ್ದೆ. ಲೋಹದ ಕೊಳವೆ ನಾನು ಹಲ್ಲು ಕಿತ್ತ ಜಾಗದ ಪಕ್ಕದಲ್ಲೇ ಇಳಿಯಿತು. ಪರದೆಯ ಮೇಲೆ ಮೊದಲು ಬರೀ ಕೆಂಪು. ಕೀವು ಹೀರಿದರು. ಮತ್ತೆ ಬಂತು, ಮತ್ತೆ ಹೀರಿದರು. ಬೆಳೆದ ಮಾಂಸವನ್ನು ಚೂರು ಚೂರಾಗಿ ಸರಿಸಿದರು. ಆ ಕೆಂಪಿನ ನಡುವೆ ಒಂದು ಬಿಳಿ ಚುಕ್ಕೆ ಕಾಣಿಸಿತು. ಹಲ್ಲು. ಮನುಷ್ಯನ ಎದೆಯೊಳಗಿಂದ ಒಂದು ಹಲ್ಲು ನಮ್ಮನ್ನು ನೋಡುತ್ತಿತ್ತು. ನಾನು ದಿನವೂ ಮುಟ್ಟುವ ವಸ್ತು ಅದು, ಪೆಟ್ಟಿಗೆಗಟ್ಟಲೆ ತರಿಸಿಕೊಳ್ಳುವಂಥದ್ದು.

"ಸೊಂಟ ಎಲ್ಲಿ?" ಎಂದರು ವೈದ್ಯರು, ಕಣ್ಣು ತೆಗೆಯದೆ.

"ಬಿಳಿ ಮುಗಿದ ತಕ್ಷಣ. ಅದರ ಕೆಳಗೆ. ಇನ್ನೂ ಸ್ವಲ್ಪ... ಹಾಂ, ಅಲ್ಲೇ."

ಚಿಮಟ ಕಚ್ಚಿತು. ಜಾರಿತು. ಅರಿವಳಿಕೆ ವೈದ್ಯೆ ಆಮ್ಲಜನಕದ ಅಂಕಿ ಇಳಿಯುತ್ತಿದೆ ಎಂದರು. ಚಿಮಟ ಹೊರತೆಗೆದು, ಗಾಳಿ ಕೊಟ್ಟು, ಕಾದರು. ಮತ್ತೆ ಇಳಿಸಿದರು. ಈ ಸಲ ಕಚ್ಚಿದ್ದು ನನಗೂ ಗೊತ್ತಾಯಿತು, ಅವರ ಮಣಿಕಟ್ಟು ಬಿಗಿಯಿತು. ಕಾಲು ಸುತ್ತು ತಿರುಗಿಸಿದರು. ಗುಲಾಬಿ ಅಂಚು ಮಾಂಸದಿಂದ ಬಿಡಿಸಿಕೊಂಡು ಕೊಳವೆಯ ಬಾಯಿಗೆ ಬಂತು. ಅಲ್ಲಿ ಒಂದು ಕ್ಷಣ ಸಿಕ್ಕಿಕೊಂಡಿತು. ಆಮೇಲೆ ಕೊಳವೆಯ ಸಮೇತ ಎಲ್ಲವನ್ನೂ ಹೊರಗೆಳೆದುಕೊಂಡರು.

ಸ್ಟೀಲಿನ ತಟ್ಟೆಗೆ ಬಿದ್ದಾಗ ಸಣ್ಣ ಸದ್ದಾಯಿತು. ಕಫ, ರಕ್ತ ಅಂಟಿದ ಗುಲಾಬಿ ಚೂರು ಕಂದು ಬಣ್ಣಕ್ಕೆ ತಿರುಗಿತ್ತು, ಹಲ್ಲು ಮಾತ್ರ ಬೆಳ್ಳಗೇ ಇತ್ತು. ಅದರ ವಾಸನೆ ಮುಖವಾಡ ದಾಟಿ ಮೂಗಿಗೆ ಬಂತು. ವೈದ್ಯರು ಕೈಗವಸು ಕಳಚಿ, ಮುಖ ಒರೆಸಿಕೊಂಡು, "ನನ್ನ ಸರ್ವೀಸಿನಲ್ಲಿ ಕಡಲೆಬೀಜ ತೆಗೆದಿದ್ದೀನಿ, ಹುಣಸೆಬೀಜ ತೆಗೆದಿದ್ದೀನಿ," ಎಂದರು. ಆಮೇಲೆ ಆ ಹಲ್ಲಿನ ಕಡೆ ಬೆರಳು ತೋರಿಸಿದರು.

ಹೆಂಡತಿಗೆ ತೋರಿಸಬೇಕೇ ಬೇಡವೇ ಎಂದು ನನಗೆ ಅನುಮಾನವಿತ್ತು. ಅವರೇ ಕೇಳಿದರು. ತೊಳೆದ ತುಂಡನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಮುಚ್ಚಳ ತೆಗೆದು ನೋಡಿದವರು ನಿಂತಲ್ಲೇ ಕುಸಿದು ಕೂತರು.

"ಅಯ್ಯೋ ದೇವುಡಾ! ಇದನ್ನ ನಾನು ಚರಂಡೀಲಿ ಹುಡುಕಿದ್ನಲ್ಲಮ್ಮ! ದಿನಾ ರಾತ್ರಿ ಎದೆ ನೀವ್ತಿದ್ದೆ, ಇದರ ಮೇಲೇ ನೀವ್ತಿದ್ದೆ!"

ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡೆ. ಅವರ ಪಕ್ಕದಲ್ಲಿ ಕೂತೆ.

ಕೀವು ಒಣಗಿ, ಶ್ವಾಸಕೋಶ ಮತ್ತೆ ಗಾಳಿ ತುಂಬಿಕೊಳ್ಳಲು ಸಮಯ ಹಿಡಿಯಿತು. ಕೆಮ್ಮು ನಿಂತಿತು. ಅವರು ಮತ್ತೆ ನನ್ನ ಕ್ಲಿನಿಕ್ಕಿಗೆ ಬರುವ ಹೊತ್ತಿಗೆ ಮಂಡಿಯ ಮುಂದೆ ಟ್ರ್ಯಾಕ್ಟರುಗಳು ನಿಲ್ಲತೊಡಗಿದ್ದವು. ಸೀಸನ್ ಮುಗಿಯುವ ತನಕಕ್ಕೆ ತಾತ್ಕಾಲಿಕವಾಗಿ ಒಂದು ಸೆಟ್ಟು ಮಾಡಿಕೊಡುತ್ತೇನೆ, ಈ ಸಲ ದೊಡ್ಡ ಲೋಹದ ತಟ್ಟೆಯದು, ಎರಡೂ ಕಡೆ ಕೊಂಡಿ, ನುಂಗಲು ಆಗುವುದಿಲ್ಲ, ಎಕ್ಸ್‌ರೇಯಲ್ಲೂ ಕಾಣುತ್ತದೆ ಎಂದೆ. ಮಾದರಿ ತೋರಿಸಿದೆ. ಅವರು ಅದನ್ನು ಕೈಯಲ್ಲೂ ಮುಟ್ಟಲಿಲ್ಲ.

"ಬಿಡಿಯಾಗಿರೋದು ಏನೂ ಬಾಯಿಗೆ ಇಡ್ಬೇಡಿ ಮೇಡಂ. ಕೈ ಮುಗಿತೀನಿ."

ತಾತ್ಕಾಲಿಕ ಹಲ್ಲುಗಳನ್ನು ಪಕ್ಕದ ಹಲ್ಲುಗಳಿಗೆ ಅಂಟಿಸುವ ದಾರಿಯೂ ಇತ್ತು. ನಾಲ್ಕು ಹಲ್ಲಿನ ಅಗಲಕ್ಕೆ ಆ ಅಂಟು ನಿಲ್ಲುತ್ತದೆ ಎಂಬ ಭರವಸೆ ನನಗಿರಲಿಲ್ಲ; ಊಟದ ನಡುವೆ ಬಿಟ್ಟುಕೊಂಡು ಮತ್ತೆ ಗಂಟಲಿಗೆ ಇಳಿದರೆ? ಆ ದಾರಿಯನ್ನು ನಾನೇ ಕೈಬಿಟ್ಟೆ. ಆ ವರ್ಷದ ಹರಾಜನ್ನು ಅವರು ಹಲ್ಲಿಲ್ಲದೆಯೇ ಕೂಗಿದರು. ತೊಂಬತ್ತು ಬಂದಾಗಲೆಲ್ಲ ಬಲಗೈಯ ಬೆರಳುಗಳನ್ನು ಮೇಲೆತ್ತಿ ತೋರಿಸುತ್ತಿದ್ದರಂತೆ. ಮೊದಲ ವಾರ ನಕ್ಕವರು ಆಮೇಲೆ ಬೆರಳು ನೋಡುವುದನ್ನು ರೂಢಿ ಮಾಡಿಕೊಂಡರಂತೆ.

ಸೀಸನ್ ಮುಗಿಯುವ ಹೊತ್ತಿಗೆ ಹಲ್ಲು ಕಿತ್ತ ಜಾಗದ ಮೂಳೆಯೂ ತುಂಬಿಕೊಂಡಿತ್ತು. ಸಕ್ಕರೆ ಹತೋಟಿಯಲ್ಲಿತ್ತು. ಕೋರೆಹಲ್ಲಿದ್ದ ಜಾಗಕ್ಕೊಂದು, ಮುರಿದ ಹಲ್ಲಿದ್ದ ಜಾಗಕ್ಕೊಂದು ಇಂಪ್ಲಾಂಟ್ ಹಾಕಿ, ಅವೆರಡನ್ನು ಕಂಬ ಮಾಡಿಕೊಂಡು ನಾಲ್ಕು ಹಲ್ಲು ಕಟ್ಟುವುದೆಂದು ನಿರ್ಧರಿಸಿದೆವು. ನಾನು ಎಷ್ಟೋ ಸಲ ಮಾಡಿದ ಕೆಲಸ. ಆದರೆ ಅವತ್ತು ತಟ್ಟೆಯಲ್ಲಿದ್ದ ಸಲಕರಣೆಗಳನ್ನು ಒಂದೊಂದಾಗಿ ನೋಡಿದೆ. ಬೆರಳುಗುರಿನಷ್ಟು ಸ್ಕ್ರೂಗಳು, ಬೆರಳ ತುದಿಯಲ್ಲಿ ಹಿಡಿದು ತಿರುಗಿಸುವ ಪುಟ್ಟ ಕೀಲಿ, ಎಲ್ಲವೂ ಉಗುಳಿಗೆ ಒದ್ದೆಯಾದರೆ ಜಾರುವಂಥವು. ಎಲ್ಲ ಬಾಯಿಯೊಳಗೆ ಹೋಗಬೇಕಾದವು. ಕೀಲಿಯ ಕುತ್ತಿಗೆಗೆ ದಾರ ಕಟ್ಟಿ, ದಾರದ ತುದಿಯನ್ನು ಸಹಾಯಕಿಯ ಬೆರಳಿಗೆ ಸುತ್ತಿದೆ. ಗಂಟಲಿಗೆ ಅಡ್ಡಲಾಗಿ ಬಟ್ಟೆ ಇಟ್ಟೆ. ಒಳಗೆ ಹೋದದ್ದು ಹೊರಗೆ ಬಂದಾಗ ಒಂದೊಂದನ್ನೂ ಗಟ್ಟಿಯಾಗಿ ಎಣಿಸುವಂತೆ ಅವಳಿಗೆ ಹೇಳಿದೆ. ಅಂದಿನಿಂದ ನನ್ನ ಕ್ಲಿನಿಕ್ಕಿನಲ್ಲಿ ಆ ರೂಢಿ ಬಿಟ್ಟಿಲ್ಲ. ತಂತಿಯಿಲ್ಲದ ಪುಟ್ಟ ಸೆಟ್ಟನ್ನು ನಾನು ಆಮೇಲೆ ಯಾರಿಗೂ ಮಾಡಿಕೊಟ್ಟೂ ಇಲ್ಲ.

ಎಡಗಡೆಯ ಸ್ಕ್ರೂ ಗಟ್ಟಿಯಾಗಿ ಕೂತಿತು. ಕೋರೆಯ ಜಾಗದ ಮೂಳೆ ಮೆದುವಾಗಿತ್ತು. ಅದು ಬೇರೂರುವ ತನಕ ಹೆಚ್ಚು ಕಾಯಬೇಕಾಯಿತು. ಆ ತಿಂಗಳುಗಳಲ್ಲಿ ಅವರು ಒಂದು ಸಲವೂ ಬೇಗ ಮಾಡಿ ಎನ್ನಲಿಲ್ಲ. ಬಂದಾಗಲೆಲ್ಲ ಕೇಳುತ್ತಿದ್ದುದು ಒಂದೇ: "ಹಿಡ್ಕೊಂಡಿದೆಯಾ?"

ಕೊನೆಗೆ ಹಲ್ಲುಗಳು ಲ್ಯಾಬಿನಿಂದ ಬಂದವು. ಕೂರಿಸಿ, ಬಿಗಿದು, ಸ್ಕ್ರೂವಿನ ರಂಧ್ರ ಮುಚ್ಚಿ, ಕಚ್ಚಿಸಿ ನೋಡಿ, ಎತ್ತರ ಉಜ್ಜಿ ಸರಿಮಾಡಿದೆ. ಕನ್ನಡಿ ಕೈಗೆ ಕೊಟ್ಟೆ. ಎಲ್ಲರೂ ಮೊದಲು ಕನ್ನಡಿ ನೋಡಿಕೊಂಡು ನಗುತ್ತಾರೆ. ಅವರು ಕನ್ನಡಿಯನ್ನು ಮಡಿಲಲ್ಲಿ ಮಗುಚಿಟ್ಟು, ಹೆಬ್ಬೆರಳು ತೋರುಬೆರಳುಗಳಿಂದ ಮುಂದಿನ ಹಲ್ಲನ್ನು ಹಿಡಿದು, ಬಲವಾಗಿ ಎಳೆದರು. ಬೇಡಿ ಎನ್ನಲು ಕೈ ಮುಂದೆ ಮಾಡಿದೆ, ಹಿಂದಕ್ಕೆ ತೆಗೆದುಕೊಂಡೆ.

"ಬರ್ತಿಲ್ಲ," ಎಂದರು ಹೆಂಡತಿಗೆ.

ಹೆಂಡತಿ ಹತ್ತಿರ ಬಂದು ಬಗ್ಗಿ ನೋಡಿದರು. "ಇನ್ನೊಂದ್ಸಲ ಎಳೀರಿ."

ಅವರು ಮತ್ತೆ ಎಳೆದರು, ಮುಖ ಕೆಂಪಾಗುವ ಹಾಗೆ.

"ಇಲ್ಲ ಕಣೇ. ಬರ್ತಿಲ್ಲ."

ಹೆಂಡತಿ ಗಂಡನ ಕೈಯನ್ನು ಬಾಯಿಂದ ಬಿಡಿಸಿ ಕೆಳಗಿಳಿಸಿದರು. "ಸಾಕು ಬಿಡಿ," ಎಂದವರು ಗೋಡೆಯ ಕಡೆ ತಿರುಗಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.